ಕಿರಣ: ಒಂದೇ ತುದಿಯ ಗೆರೆ

ಶಾಲೆಯ ರೇಖಾಗಣಿತದ ಮೊದಲ ಪುಟಗಳಲ್ಲಿ ಮೂರು ಚಿತ್ರಗಳು ಒಂದರ ಕೆಳಗೊಂದು ಬರುತ್ತವೆ. ಎರಡೂ ತುದಿಗೆ ಚುಕ್ಕೆ ಇಟ್ಟದ್ದು ರೇಖಾಖಂಡ. ಎರಡೂ ತುದಿಗೆ ಬಾಣ ಇರುವುದು ಸರಳರೇಖೆ. ಒಂದು ಕಡೆ ಚುಕ್ಕೆ, ಇನ್ನೊಂದು ಕಡೆ ಬಾಣ ಇದ್ದರೆ ಅದು ಕಿರಣ. ಮೇಷ್ಟ್ರು ಟಾರ್ಚಿನ ಬೆಳಕನ್ನೋ ಸೂರ್ಯನನ್ನೋ ಉದಾಹರಣೆಗೆ ತಂದು, ಕೋನದ ಪಾಠಕ್ಕೆ ದಾಟಿಬಿಡುತ್ತಾರೆ. ಅರ್ಧ ಪೀರಿಯಡ್ಡಿಗೆ ಮುಗಿಯುವ ಈ ವಿಷಯಕ್ಕೆ ಸರಿಯಾದ ವ್ಯಾಖ್ಯೆ ಕೊಡಲು ರೇಖಾಗಣಿತಕ್ಕೆ ಎರಡು ಸಾವಿರ ವರ್ಷಕ್ಕೂ ಹೆಚ್ಚು ಬೇಕಾಯಿತು.

ವ್ಯಾಖ್ಯೆ ಹೀಗಿದೆ. ಒಂದು ಸರಳರೇಖೆಯ ಮೇಲೆ ‘ಕ’ ಎಂಬ ಬಿಂದುವನ್ನು ಗುರುತಿಸಿದರೆ ರೇಖೆಗೆ ಅಲ್ಲಿ ಎರಡು ಮಗ್ಗುಲು ಹುಟ್ಟುತ್ತವೆ. ‘ಕ’ವನ್ನೂ ಅದರ ಒಂದು ಮಗ್ಗುಲಿನ ಎಲ್ಲ ಬಿಂದುಗಳನ್ನೂ ಒಟ್ಟುಗೂಡಿಸಿದರೆ ಸಿಗುವುದು ಕಿರಣ. ‘ಕ’ ಅದರ ಅಂತ್ಯಬಿಂದು. ಕಿರಣಕ್ಕೆ ಉದ್ದವಿಲ್ಲ, ಹಾಗಾಗಿ ಮಧ್ಯಬಿಂದುವೂ ಇಲ್ಲ. ಅದನ್ನು ಅಳೆಯಲಾಗದು, ಎರಡು ಸಮಪಾಲು ಮಾಡಲೂ ಆಗದು.

ಅಂತ್ಯಬಿಂದು ಎಂಬ ಹೆಸರು ಕನ್ನಡದ ಕಿವಿಗೆ ತುಸು ತಮಾಷೆಯಾಗಿಯೇ ಕೇಳುತ್ತದೆ. ಕಿರಣ ಶುರುವಾಗುವುದೇ ಅದರ ‘ಅಂತ್ಯ’ದಿಂದ! ರೇಖಾಖಂಡದ ಎರಡು ತುದಿಗಳಿಗೆ ಹೊಂದುವ ಪದವನ್ನು ಕಿರಣಕ್ಕೂ ಎರವಲು ಕೊಟ್ಟದ್ದರಿಂದ ಆದ ಎಡವಟ್ಟು ಇದು. ಆರಂಭಬಿಂದು ಎಂದರೆ ಗೊಂದಲ ಕಡಿಮೆ. ಕಿರಣದ ನಿಜವಾದ ಗೋಜಲುಗಳೂ ಈ ಬಿಂದುವಿನ ಸುತ್ತಲೇ ಇವೆ. ಕೊನೆಯಿಲ್ಲದೆ ಹೋಗುವ ಕಡೆಯನ್ನು ಕಂಡು ಮಕ್ಕಳು ಬೆರಗಾಗುತ್ತಾರೆ. ಗಣಿತಜ್ಞರೂ ಕಂಪ್ಯೂಟರ್ ಪ್ರೋಗ್ರಾಮ್ ಬರೆಯುವವರೂ ಎಡವಿರುವುದು ಬಹುಮಟ್ಟಿಗೆ ಶುರುವಾಗುವ ಕಡೆಯಲ್ಲಿ.

ಹೆಸರಿಡುವಾಗಲೇ ಅದು ಕಾಣುತ್ತದೆ. ಒಂದು ರೇಖೆಯ ಮೇಲೆ ಎಡದಿಂದ ಬಲಕ್ಕೆ ಕ, ಖ, ಗ, ಘ ಎಂಬ ನಾಲ್ಕು ಬಿಂದುಗಳಿವೆ ಎನ್ನಿ. ಕಖ ಎಂಬ ರೇಖಾಖಂಡವನ್ನು ಖಕ ಎಂದರೂ ಅದೇ. ಕಿರಣದಲ್ಲಿ ಹಾಗಲ್ಲ, ಮೊದಲ ಅಕ್ಷರ ಅಂತ್ಯಬಿಂದುವಿಗೆ ಮೀಸಲು. ಕಖ ಕಿರಣ ಬಲಕ್ಕೆ ಹೋಗುತ್ತದೆ, ಖಕ ಕಿರಣ ಎಡಕ್ಕೆ. ಆದರೆ ಕಖ, ಕಗ, ಕಘ ಈ ಮೂರೂ ಒಂದೇ ಕಿರಣದ ಮೂರು ಹೆಸರುಗಳು, ಏಕೆಂದರೆ ಎರಡನೆಯ ಅಕ್ಷರ ದಿಕ್ಕನ್ನಷ್ಟೇ ತೋರುವ ಕೈಮರ. ಹಾಗೆಯೇ ಖಗ ಮತ್ತು ಖಘ ಒಂದೇ. (ಖಗ ಎಂದರೆ ಹಕ್ಕಿ ಎಂಬುದು ನೆನಪಾದರೆ ಆ ಕಿರಣ ಹಿಂದಿರುಗದೆ ಹಾರಿಹೋಗುವುದೂ ಒಪ್ಪುತ್ತದೆ.)

ಈ ನಾಲ್ಕು ಬಿಂದುಗಳಿಂದ ಎಷ್ಟು ಕಿರಣಗಳು ಎಂಬುದು ಪರೀಕ್ಷೆಯಲ್ಲಿ ಒಳ್ಳೆಯವರನ್ನೂ ಬೀಳಿಸುವ ಪ್ರಶ್ನೆ. ಪ್ರತಿ ಬಿಂದುವಿನಿಂದ ಎರಡು ಕಡೆಗೆ ಒಂದೊಂದು ಎಂದರೆ ಒಟ್ಟು 8. ಆದರೆ ‘ಕ’ದಿಂದ ಎಡಕ್ಕೆ ಹೋಗುವ ಕಿರಣದ ಮೇಲೆ ಹೆಸರುಳ್ಳ ಎರಡನೆಯ ಬಿಂದುವೇ ಇಲ್ಲ, ‘ಘ’ದಿಂದ ಬಲಕ್ಕೆ ಹೋಗುವುದರ ಮೇಲೂ ಇಲ್ಲ. ಎರಡಕ್ಷರದಲ್ಲಿ ಹೆಸರಿಸಬಹುದಾದವು 6 ಮಾತ್ರ. ಉತ್ತರ 8 ಆಗಬೇಕೋ 6 ಆಗಬೇಕೋ ಎಂಬುದು ಪ್ರಶ್ನೆಯ ಮಾತಿನ ಮೇಲೆ ನಿಂತಿದೆ, ಮತ್ತು ಪ್ರಶ್ನೆ ಬರೆದವರು ಅದನ್ನು ಯಾವಾಗಲೂ ಯೋಚಿಸಿರುತ್ತಾರೆಂದು ಹೇಳಲಾಗದು.

ಎರಡು ಕಿರಣಗಳು ಒಂದೇ ರೇಖೆಯ ಮೇಲಿದ್ದಾಗ ಅವೆರಡಕ್ಕೂ ಸೇರಿದ ಭಾಗ ನಾಲ್ಕು ರೂಪ ತಾಳಬಲ್ಲದು. ಎದುರುಬದುರಾಗಿ ಹೊರಟ ಕಖ ಮತ್ತು ಖಕ ಕಿರಣಗಳು ಹಂಚಿಕೊಳ್ಳುವುದು ಕಖ ರೇಖಾಖಂಡವನ್ನು. ಬೆನ್ನು ತಿರುಗಿಸಿದ ಖಕ ಮತ್ತು ಗಘ ಕಿರಣಗಳ ನಡುವೆ ಹಂಚಿಕೊಳ್ಳಲು ಏನೂ ಇಲ್ಲ. ಒಂದೇ ದಿಕ್ಕಿನ ಕಖ, ಖಗ ಕಿರಣಗಳಿಗೆ ಖಗ ಕಿರಣವೇ ಸಮಾನ. ನಾಲ್ಕನೆಯದು ವಿಶೇಷ: ಒಂದೇ ಅಂತ್ಯಬಿಂದುವಿನಿಂದ ವಿರುದ್ಧ ದಿಕ್ಕಿಗೆ ಹೊರಟ ಖಕ ಮತ್ತು ಖಗ ಕಿರಣಗಳು ಸಂಧಿಸುವುದು ‘ಖ’ ಎಂಬ ಒಂದೇ ಬಿಂದುವಿನಲ್ಲಿ. ಇವು ವಿರುದ್ಧ ಕಿರಣಗಳು. ಎರಡನ್ನೂ ಸೇರಿಸಿದರೆ ಇಡೀ ಸರಳರೇಖೆ ಮರಳಿ ಬರುತ್ತದೆ.

ಒಂದೇ ಅಂತ್ಯಬಿಂದುವಿನಿಂದ ಹೊರಟ ಎರಡು ಕಿರಣಗಳಿಂದ ಕೋನವಾಗುತ್ತದೆ. ಕಿರಣಗಳು ಅದರ ಬಾಹುಗಳು, ಹಂಚಿಕೊಂಡ ಅಂತ್ಯಬಿಂದು ಶೃಂಗ. ಬಾಹುಗಳನ್ನು ಉದ್ದವಾಗಿ ಎಳೆದರೆ ಕೋನ ದೊಡ್ಡದಾಗುತ್ತದೆ ಎಂದು ಎಷ್ಟೋ ಮಕ್ಕಳು ನಂಬಿರುತ್ತಾರೆ, ಕಾಗದದ ಮೇಲೆ ಹಾಗೆ ಕಾಣುವುದೂ ಸಹಜ. ಬಾಹುಗಳು ಕಿರಣಗಳೇ ಎಂದು ಒಪ್ಪಿದ ಕ್ಷಣ ಆ ಅನುಮಾನಕ್ಕೆ ನೆಲೆ ಇಲ್ಲವಾಗುತ್ತದೆ. ಕೊನೆಯಿಲ್ಲದ್ದನ್ನು ಉದ್ದ ಮಾಡುವುದೆಂತು? ಮೂರು ಗಂಟೆಗೆ ಗೋಡೆ ಗಡಿಯಾರದ ಮುಳ್ಳುಗಳು 90 ಡಿಗ್ರಿ ತೋರುತ್ತವೆ, ಕೈಗಡಿಯಾರದ ಮುಳ್ಳುಗಳೂ ಅಷ್ಟೇ. ಗಂಟೆಯ ಮುಳ್ಳು ಗಿಡ್ಡವೆಂದು ಕೋನ ಕುಗ್ಗುವುದಿಲ್ಲ. ಕೋನಮಾಪಕದಲ್ಲಿ ಓದುವಾಗ ಬಾಹು ಅಂಚಿಗೆ ಮುಟ್ಟದಿದ್ದರೆ ಸ್ಕೇಲಿಟ್ಟು ಉದ್ದ ಮಾಡಿಕೊಳ್ಳುವ ಹಕ್ಕು ಬರುವುದೂ ಇದರಿಂದಲೇ.

ಇಷ್ಟು ಮೂಲಭೂತವಾದದ್ದಕ್ಕೆ ಯೂಕ್ಲಿಡ್ ಹೆಸರನ್ನೇ ಇಟ್ಟಿಲ್ಲ. ಕ್ರಿಸ್ತಪೂರ್ವ 300ರ ಸುಮಾರಿಗೆ ಅಲೆಕ್ಸಾಂಡ್ರಿಯಾದಲ್ಲಿ ರೂಪುಗೊಂಡ ‘ಎಲಿಮೆಂಟ್ಸ್’ನ 13 ಭಾಗಗಳಲ್ಲಿ ಬಿಂದು, ರೇಖೆ, ಕೋನಗಳಿಗೆ ವ್ಯಾಖ್ಯೆ ಇದೆ, ಕಿರಣಕ್ಕೆ ಇಲ್ಲ. ಅವನ ‘ಸರಳರೇಖೆ’ ಸಾಮಾನ್ಯವಾಗಿ ಎರಡು ತುದಿಯುಳ್ಳದ್ದು, ಬೇಕಾದಾಗ ಬೇಕಾದಷ್ಟು ಬೆಳೆಸಿಕೊಳ್ಳಬಹುದು ಎಂಬುದು ಎರಡನೆಯ ಆಧಾರ ಪ್ರತಿಜ್ಞೆ. ಆದರೂ ಮೊದಲ ಭಾಗದ 22ನೇ ಪ್ರಮೇಯದಲ್ಲಿ ಕಿರಣ ಹೆಸರಿಲ್ಲದೆ ಒಳಗೆ ಬರುತ್ತದೆ. ಮೂರು ಅಳತೆ ಕೊಟ್ಟು ತ್ರಿಭುಜ ರಚಿಸುವ ಕೆಲಸ ಅದು. ಅಲ್ಲಿ ಯೂಕ್ಲಿಡ್ ಒಂದು ತುದಿಯಲ್ಲಿ ಮುಗಿದ, ಇನ್ನೊಂದು ಕಡೆಗೆ ಮಿತಿಯಿಲ್ಲದ ರೇಖೆಯೊಂದನ್ನು ಎಳೆದುಕೊಂಡು, ಅದರ ಮೇಲೆ ಮೂರು ಅಳತೆಗಳನ್ನು ಸಾಲಾಗಿ ಗುರುತಿಸುತ್ತಾನೆ. ಕೈವಾರ ಹಿಡಿದು ತ್ರಿಭುಜ ಎಳೆಯುವ ಹೈಸ್ಕೂಲು ಹುಡುಗರು ಇಂದಿಗೂ ಹೆಚ್ಚುಕಡಿಮೆ ಹಾಗೆಯೇ ಶುರುಮಾಡುತ್ತಾರೆ.

ನಮ್ಮ ಕಡೆಯ ಹಳೆಯ ಗಣಿತದಲ್ಲಿ ಆಕೃತಿಗಳ ಶಾಸ್ತ್ರಕ್ಕೆ ಕ್ಷೇತ್ರಗಣಿತ ಎಂದು ಹೆಸರು. 12ನೇ ಶತಮಾನದ ಕನ್ನಡ ಗಣಿತಜ್ಞ ರಾಜಾದಿತ್ಯನ ಒಂದು ಕೃತಿಯ ಹೆಸರೂ ಅದೇ. ಕ್ಷೇತ್ರವೆಂದರೆ ಹೊಲ, ಹೊಲಕ್ಕೆ ಬದು ಇರಲೇಬೇಕು. ಅದಕ್ಕೂ ಹಿಂದಿನ ಶುಲ್ಬಸೂತ್ರಗಳಲ್ಲಿ ಗೂಟ ನೆಟ್ಟು ಹಗ್ಗ ಹಿಡಿದು ಯಜ್ಞವೇದಿ ಅಳೆಯುವ ಕ್ರಮವಿದೆ, ಶುಲ್ಬ ಎಂದರೇ ಹಗ್ಗ. ಹಗ್ಗಕ್ಕೆ ಎರಡು ತುದಿ. ಕೊನೆಯಿಲ್ಲದ ಗೆರೆಯನ್ನು ಪ್ರತ್ಯೇಕ ವಸ್ತುವಾಗಿ ಎಣಿಸುವ ಅಗತ್ಯ ಹಗ್ಗ ಹಿಡಿದವರಿಗೆ ಬೀಳುವುದಿಲ್ಲ.

ಅಗತ್ಯ ಬಿದ್ದದ್ದು 19ನೇ ಶತಮಾನದ ಜರ್ಮನಿಯಲ್ಲಿ. ತ್ರಿಭುಜದ ಶೃಂಗದಿಂದ ಹೊರಟು ಒಳಗೆ ನುಗ್ಗುವ ಕಿರಣ ಎದುರಿನ ಬಾಹುವನ್ನು ದಾಟಿಯೇ ಹೊರಬೀಳಬೇಕು. ಇದು ಯಾರಿಗೆ ಗೊತ್ತಿಲ್ಲ? ಗೊತ್ತಿದ್ದದ್ದೇ ತೊಂದರೆಯಾಗಿತ್ತು. ಚಿತ್ರದಲ್ಲಿ ಕಣ್ಣಿಗೆ ಕಾಣುತ್ತದೆಂದು ಯೂಕ್ಲಿಡ್ ಅದನ್ನು ಹೇಳದೆಯೇ ಬಳಸಿದ್ದ. ಅವನ ಆಧಾರ ಪ್ರತಿಜ್ಞೆಗಳಿಂದ ಅದನ್ನು ಸಾಧಿಸಲು ಬರುವುದಿಲ್ಲ. 1882ರಲ್ಲಿ ಮೊರಿಟ್ಸ್ ಪಾಶ್ ಈ ಬಿರುಕನ್ನು ತೋರಿಸಿ, ‘ನಡುವೆ ಇರುವುದು’ ಎಂಬ ಸಂಬಂಧಕ್ಕೇ ನಿಯಮಗಳನ್ನು ಬರೆದ. 1899ರಲ್ಲಿ ಡೇವಿಡ್ ಹಿಲ್ಬರ್ಟ್ ಅದನ್ನು ಬೆಳೆಸಿ, ರೇಖಾಗಣಿತದ ಅಡಿಪಾಯವನ್ನು ಐದು ಗುಂಪಿನ ಸ್ವಯಂಸಿದ್ಧಗಳಾಗಿ ಕಟ್ಟಿದ. ಅಲ್ಲಿ ಕಿರಣಕ್ಕೆ ‘ಅರ್ಧಕಿರಣ’ ಎಂಬರ್ಥದ ಜರ್ಮನ್ ಹೆಸರಿದೆ, ಕೋನವೆಂದರೆ ಒಂದೇ ಬಿಂದುವಿನಿಂದ ಹೊರಟ, ಒಂದೇ ರೇಖೆಯ ಮೇಲಿಲ್ಲದ ಎರಡು ಅರ್ಧಕಿರಣಗಳ ಜೋಡಿ. ಆ ಲೆಕ್ಕದಲ್ಲಿ 180 ಡಿಗ್ರಿಯ ಸರಳಕೋನ ಕೋನವೇ ಅಲ್ಲ! ಶಾಲೆಯ ಪುಸ್ತಕಗಳು ಈ ಕಟ್ಟುನಿಟ್ಟನ್ನು ಸಡಿಲಿಸಿವೆ, ಸಡಿಲಿಸಿದ್ದೇ ಒಳ್ಳೆಯದಾಯಿತು.

ಅಮೆರಿಕದ ಜಾರ್ಜ್ ಬರ್ಕಾಫ್ 1932ರಲ್ಲಿ ಸ್ಕೇಲು ಮತ್ತು ಕೋನಮಾಪಕಗಳನ್ನೇ ಆಧಾರವಾಗಿಟ್ಟ ಸರಳ ಸ್ವಯಂಸಿದ್ಧಗಳನ್ನು ಕೊಟ್ಟ. 1957ರಲ್ಲಿ ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಹಾರಿಸಿದಾಗ ಗಾಬರಿಯಾದ ಅಮೆರಿಕ ಶಾಲಾ ಗಣಿತವನ್ನು ಬದಲಿಸಲು ಹೊರಟಿತು. 1958ರಲ್ಲಿ ಎಡ್ವರ್ಡ್ ಬೆಗ್ಲ್ ಮುಂದಾಳತ್ವದಲ್ಲಿ ಆರಂಭವಾದ ಸ್ಕೂಲ್ ಮ್ಯಾಥಮೆಟಿಕ್ಸ್ ಸ್ಟಡಿ ಗ್ರೂಪ್ ಸಿದ್ಧಪಡಿಸಿದ ಪುಸ್ತಕಗಳಲ್ಲಿ ರೇಖೆ, ರೇಖಾಖಂಡ, ಕಿರಣ ಮೂರಕ್ಕೂ ಬೇರೆ ಬೇರೆ ವ್ಯಾಖ್ಯೆ ಸಿಕ್ಕಿತು. ಹಿಲ್ಬರ್ಟನ ಶಿಸ್ತು ಹದಿಹರೆಯದವರ ಪಠ್ಯಕ್ಕೆ ಇಳಿದದ್ದು ಹೀಗೆ.

ಕಿರಣ ಎಂಬ ಹೆಸರಿನ ಹಿಂದೆ ಇರುವುದು ಮಾತ್ರ ಬೆಳಕು. ಇಂಗ್ಲಿಷಿನ ‘ರೇ’ ಪದ ಲ್ಯಾಟಿನ್ನಿನ ‘ರೇಡಿಯಸ್’ನಿಂದ ಇಳಿದದ್ದು. ರೇಡಿಯಸ್ ಎಂದರೆ ಕೋಲು, ಗಾಲಿಯ ಕಡ್ಡಿ, ಬೆಳಕಿನ ಎಳೆ, ಎಲ್ಲವೂ. ಅದರಿಂದ ಅಲ್ಲಿ ಕಿರಣವೂ ವೃತ್ತದ ತ್ರಿಜ್ಯವೂ ಒಡಹುಟ್ಟಿದವು. ಕನ್ನಡದಲ್ಲಿ ಆ ನಂಟಿಲ್ಲ. ತ್ರಿಜ್ಯ ಬಂದದ್ದು ಜ್ಯೋತಿಷ ಗಣಿತದಿಂದ, ಮೂರು ರಾಶಿಗಳ ಅಂದರೆ 90 ಡಿಗ್ರಿಯ ‘ಜ್ಯಾ’ ಎಂಬ ಅರ್ಥದಲ್ಲಿ. ಕಿರಣ ಬಂದದ್ದು ನೇರವಾಗಿ ಸೂರ್ಯನಿಂದ.

ಆದರೆ ಸೂರ್ಯ ಅಷ್ಟು ಒಳ್ಳೆಯ ಉದಾಹರಣೆಯಲ್ಲ. ಅದರ ವ್ಯಾಸ ಸುಮಾರು 14 ಲಕ್ಷ ಕಿಲೋಮೀಟರ್. 15 ಕೋಟಿ ಕಿಲೋಮೀಟರ್ ದೂರದಿಂದಲೂ ಅದು ಅರ್ಧ ಡಿಗ್ರಿಯಷ್ಟು ಅಗಲ ಕಾಣುತ್ತದೆ, ಬಿಸಿಲಿನ ನೆರಳಿಗೆ ಅಂಚು ಮಸುಕಾಗಿರುವುದು ಅದಕ್ಕೇ. ಒಂದೇ ಬಿಂದುವಿನಿಂದ ಹೊರಡುವ ಕಿರಣಕ್ಕೆ ಸಣ್ಣ ದೀಪವೇ ಮೇಲು. 1150ರ ‘ಲೀಲಾವತಿ’ಯಲ್ಲಿ ಭಾಸ್ಕರಾಚಾರ್ಯ ದೀಪ, ಶಂಕು (ನೆಟ್ಟ ಕೋಲು), ನೆರಳುಗಳ ಲೆಕ್ಕಕ್ಕೆ ಒಂದು ಅಧ್ಯಾಯವನ್ನೇ ಇಟ್ಟಿದ್ದಾನೆ. ಆ ಬಗೆಯ ಲೆಕ್ಕ ಹೀಗಿರುತ್ತದೆ: 3 ಮೀಟರ್ ಎತ್ತರದಲ್ಲಿ ದೀಪ, ಅದರ ಬುಡದಿಂದ 4 ಮೀಟರ್ ದೂರದಲ್ಲಿ 1 ಮೀಟರಿನ ಕೋಲು. ದೀಪದಿಂದ ಹೊರಟ ಕಿರಣ ಕೋಲಿನ ತಲೆ ಸವರಿಕೊಂಡು ನೆಲ ಮುಟ್ಟಿದಲ್ಲಿ ನೆರಳಿನ ತುದಿ. ಒಂದೇ ಆಕಾರದ ಎರಡು ತ್ರಿಭುಜಗಳು ಸಿಗುತ್ತವೆ, ನೆರಳು 2 ಮೀಟರ್ ಎಂದು ತಿಳಿಯುತ್ತದೆ.

ಇದೇ ಬೆಳಕಿನ ವಿಷಯದಲ್ಲಿ ಯೂಕ್ಲಿಡ್ ಅಂತ್ಯಬಿಂದುವನ್ನು ತಪ್ಪು ಜಾಗದಲ್ಲಿಟ್ಟಿದ್ದ. ಅವನ ‘ಆಪ್ಟಿಕ್ಸ್’ ಪ್ರಕಾರ ನೋಟದ ಕಿರಣಗಳು ಕಣ್ಣಿನಿಂದ ಹೊರಟು ವಸ್ತುಗಳ ಮೇಲೆ ಬೀಳುತ್ತವೆ. ದೂರ ಹೋದಂತೆ ಕಿರಣಗಳ ನಡುವೆ ಸಂದು ಬಿಡುತ್ತದೆ, ಆದ್ದರಿಂದ ಯಾವುದೂ ಒಮ್ಮೆಗೇ ಪೂರ್ತಿ ಕಾಣುವುದಿಲ್ಲ ಎಂಬುದು ಅವನ ವಾದ. ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಕೆಲಸ ಮಾಡಿದ ಇಬ್ನ್ ಅಲ್-ಹೈಥಮ್ 11ನೇ ಶತಮಾನದ ಆರಂಭದಲ್ಲಿ ಏಳು ಸಂಪುಟಗಳ ದೃಗ್ವಿಜ್ಞಾನ ಗ್ರಂಥ ಬರೆದು, ಬೆಳಕು ವಸ್ತುವಿನಿಂದ ಕಣ್ಣಿಗೆ ಬರುತ್ತದೆ ಎಂದು ತೋರಿಸಿದ. ಬಾಣ ತಿರುಗಿತು. ಗೆರೆಗಳ ಜ್ಯಾಮಿತಿ ಮಾತ್ರ ಹಾಗೆಯೇ ಉಳಿಯಿತು. 1525ರಲ್ಲಿ ಆಲ್ಬ್ರೆಕ್ಟ್ ಡ್ಯೂರರ್ ಪ್ರಕಟಿಸಿದ ಮರದಚ್ಚಿನ ಚಿತ್ರವೊಂದರಲ್ಲಿ ಗೋಡೆಗೆ ಹೊಡೆದ ಕೊಕ್ಕೆಯಿಂದ ದಾರ ಎಳೆದು, ಮೇಜಿನ ಮೇಲಿನ ಲೂಟ್ ವಾದ್ಯದ ಒಂದೊಂದೇ ಬಿಂದುವಿಗೆ ಮುಟ್ಟಿಸಿ, ನಡುವೆ ನಿಲ್ಲಿಸಿದ ಚೌಕಟ್ಟಿನಲ್ಲಿ ದಾರ ಹಾಯುವ ಜಾಗಗಳನ್ನು ಗುರುತಿಸುತ್ತಿದ್ದಾರೆ. ಆ ಕೊಕ್ಕೆಯೇ ಕಣ್ಣು.

ಕಂಪ್ಯೂಟರ್ ಈ ಕೊಕ್ಕೆಯನ್ನು ಮತ್ತೆ ಹಿಡಿದುಕೊಂಡಿದೆ. ಸಿನಿಮಾ, ವಿಡಿಯೊ ಗೇಮುಗಳ ಚಿತ್ರಗಳಲ್ಲಿ ಬೆಳಕು, ನೆರಳು, ಪ್ರತಿಬಿಂಬಗಳನ್ನು ಮೂಡಿಸುವ ರೇ ಟ್ರೇಸಿಂಗ್ ವಿಧಾನದಲ್ಲಿ ಕಿರಣಗಳು ಕ್ಯಾಮೆರಾದ ಕಣ್ಣಿನಿಂದ ಹೊರಡುತ್ತವೆ, ಯೂಕ್ಲಿಡ್ ಹೇಳಿದ ಹಾಗೆಯೇ. ದೀಪದಿಂದ ಹೊರಟ ಬೆಳಕಿನಲ್ಲಿ ಕ್ಯಾಮೆರಾ ಸೇರುವುದು ಅತ್ಯಲ್ಪ, ಉಳಿದದ್ದನ್ನು ಲೆಕ್ಕ ಹಾಕುವುದು ದಂಡ. ಆರ್ಥರ್ ಆಪೆಲ್ 1968ರಲ್ಲಿ ಈ ದಾರಿ ತೋರಿಸಿದ, 1980ರಲ್ಲಿ ಟರ್ನರ್ ವಿಟೆಡ್ ಅದನ್ನು ಪ್ರತಿಫಲನ, ವಕ್ರೀಭವನಗಳಿಗೂ ವಿಸ್ತರಿಸಿದ. 1920 ಅಡ್ಡ, 1080 ಉದ್ದದ ಪರದೆಯಲ್ಲಿ ಚುಕ್ಕೆಗೊಂದರಂತೆ ಕಿರಣ ಬಿಟ್ಟರೂ 20,73,600 ಆಗುತ್ತವೆ. ಯೂಕ್ಲಿಡ್ ಹೇಳಿದ ಸಂದೂ ಜತೆಗೇ ಬಂದಿದೆ. ದೂರದ ತೆಳು ತಂತಿ ಎರಡು ಕಿರಣಗಳ ನಡುವೆ ನುಸುಳಿ ಚಿತ್ರದಿಂದ ಮಾಯವಾಗುತ್ತದೆ.

ಇಲ್ಲಿ ಅಂತ್ಯಬಿಂದುವಿನ ಕಾಟ ಬೇರೆಯೇ ಬಗೆಯದು. ಕಿರಣ ಒಂದು ಗೋಡೆಗೆ ಬಡಿದ ಮೇಲೆ, ಆ ಬಿಂದುವಿನಿಂದ ದೀಪದ ಕಡೆಗೆ ಇನ್ನೊಂದು ಕಿರಣ ಬಿಟ್ಟು ದಾರಿಯಲ್ಲಿ ಅಡ್ಡಿಯಿದೆಯೇ ಎಂದು ನೋಡುತ್ತಾರೆ. ಹೊಸ ಕಿರಣದ ಅಂತ್ಯಬಿಂದು ಗೋಡೆಯ ಮೇಲೆಯೇ ಇದೆ. ವ್ಯಾಖ್ಯೆಯಂತೆ ಅದು ಕಿರಣಕ್ಕೆ ಸೇರಿದ್ದು, ಹಾಗಾದರೆ ಕಿರಣ ಹೊರಟಲ್ಲೇ ಗೋಡೆಗೆ ಬಡಿಯಿತು! ದಶಮಾಂಶಗಳು ಕೊಂಚ ಹೆಚ್ಚುಕಡಿಮೆಯಾಗಿ ಆ ಬಿಂದು ಗೋಡೆಯ ಒಳಗೆ ಬಿದ್ದರೂ ಅದೇ ಗತಿ. ಪರಿಣಾಮವಾಗಿ ಚಿತ್ರದ ತುಂಬ ಕಪ್ಪು ಚುಕ್ಕೆಗಳು ಏಳುತ್ತವೆ, ಆ ಕಸುಬಿನವರು ಅದಕ್ಕೆ ‘ನೆರಳಿನ ಮೊಡವೆ’ ಎಂಬರ್ಥದ ಹೆಸರನ್ನೇ ಇಟ್ಟಿದ್ದಾರೆ. ಕಿರಣವನ್ನು ಗೋಡೆಯಿಂದ ಕೂದಲೆಳೆಯಷ್ಟು ಈಚೆಯಿಂದ ಶುರುಮಾಡುವುದು ಮದ್ದು.

ಅಂತ್ಯಬಿಂದು ಒಳಗೋ ಹೊರಗೋ ಎಂಬ ಪ್ರಶ್ನೆ ಸಂಖ್ಯಾರೇಖೆಯ ಮೇಲೆ ಇನ್ನಷ್ಟು ಚೊಕ್ಕವಾಗಿ ಕಾಣುತ್ತದೆ. ಭಾರತದಲ್ಲಿ ಮತ ಹಾಕಲು ವಯಸ್ಸು 18 ಆಗಿರಬೇಕು. ಇದು 18ರಿಂದ ಬಲಕ್ಕೆ ಹೋಗುವ ಕಿರಣ. 18 ಸೇರಿರುವುದರಿಂದ ಅಲ್ಲಿ ತುಂಬಿದ ಚುಕ್ಕೆ. 61ನೇ ಸಂವಿಧಾನ ತಿದ್ದುಪಡಿ 1989ರಲ್ಲಿ ಜಾರಿಗೆ ಬರುವವರೆಗೆ ಚುಕ್ಕೆ 21ರಲ್ಲಿತ್ತು. ತಿದ್ದುಪಡಿ ಮಾಡಿದ್ದು ಇಷ್ಟೇ, ಕಿರಣದ ಅಂತ್ಯಬಿಂದುವನ್ನು ಮೂರು ಮನೆ ಎಡಕ್ಕೆ ಸರಿಸಿತು. ಅಂತ್ಯಬಿಂದು ಸೇರದಿದ್ದರೆ ಟೊಳ್ಳು ಚುಕ್ಕೆ ಹಾಕುತ್ತಾರೆ, ಅದು ‘ತೆರೆದ’ ಕಿರಣ. ನೋಟೀಸು, ಜಾಹೀರಾತುಗಳಲ್ಲಿ ಕಾಣುವ ‘18 ಮೇಲ್ಪಟ್ಟವರು’ ಎಂಬ ಮಾತು ಚುಕ್ಕೆ ತುಂಬಿದ್ದೋ ಟೊಳ್ಳೋ ಹೇಳುವುದಿಲ್ಲ, ‘18 ತುಂಬಿದವರು’ ಎಂಬುದು ಹೇಳುತ್ತದೆ.

ತೆರೆದ ಕಿರಣಕ್ಕೆ ಮೊದಲ ಬಿಂದು ಇಲ್ಲ. 18ನ್ನು ಬಿಟ್ಟರೆ ಮುಂದಿನ ಸಂಖ್ಯೆ ಯಾವುದು? 18.1 ಎಂದರೆ 18.01 ಅದಕ್ಕೂ ಹಿಂದಿದೆ, ಅದಕ್ಕೂ ಹಿಂದೆ 18.001. 1872ರಲ್ಲಿ ರಿಚರ್ಡ್ ಡೆಡೆಕಿಂಡ್ ಈ ಎಳೆಯನ್ನೇ ಹಿಡಿದು ವಾಸ್ತವ ಸಂಖ್ಯೆಗಳನ್ನು ಕಟ್ಟಿದ. ಭಿನ್ನರಾಶಿಗಳನ್ನಷ್ಟೇ ಸಾಲಾಗಿ ನಿಲ್ಲಿಸಿ, ವರ್ಗ ಮಾಡಿದರೆ 2ನ್ನು ಮೀರುವ ಧನಸಂಖ್ಯೆಗಳನ್ನೆಲ್ಲ ಬಲಕ್ಕೆ, ಉಳಿದವನ್ನು ಎಡಕ್ಕೆ ಇಡಿ. ಎರಡು ವಿರುದ್ಧ ಕಿರಣಗಳ ಹಾಗೆ ಕಾಣುತ್ತವೆ. ಆದರೆ ಬಲದ್ದಕ್ಕೆ ಮೊದಲನೆಯದಿಲ್ಲ, ಎಡದ್ದಕ್ಕೆ ಕೊನೆಯದಿಲ್ಲ. ಅಂತ್ಯಬಿಂದು ಇರಬೇಕಾದಲ್ಲಿ ತೂತು! ಆ ತೂತಿಗೆ ಡೆಡೆಕಿಂಡ್ ಕೊಟ್ಟ ಹೆಸರು 2ರ ವರ್ಗಮೂಲ. ಸಂಖ್ಯಾರೇಖೆಯ ಅಭಾಗಲಬ್ಧ ಸಂಖ್ಯೆಗಳೆಲ್ಲ ಹೀಗೆ ಅಂತ್ಯಬಿಂದು ಕಳೆದುಕೊಂಡ ಕಿರಣಗಳ ತುದಿಯಲ್ಲಿ ಕೂತಿವೆ.

ನೆಲದ ಮೇಲೆ ನಿಜವಾದ ಕಿರಣ ಎಳೆಯುವವರು ಸರ್ವೆಯವರು. ಟಿಪ್ಪು ಪತನದ ಮರುವರ್ಷ, 1800ರಲ್ಲಿ, ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಆಧಾರರೇಖೆಯೊಂದನ್ನು ಅಳೆದು ಮೈಸೂರು ಸೀಮೆಯ ಮೋಜಣಿ ಶುರುಮಾಡಿದ. 1802ರ ಏಪ್ರಿಲ್ 10ರಂದು ಮದರಾಸಿನಲ್ಲಿ ಮಹಾ ತ್ರಿಕೋನಮಿತಿ ಸಮೀಕ್ಷೆ ಆರಂಭವಾಯಿತು, 1804ರಲ್ಲಿ ಬೆಂಗಳೂರಿನಲ್ಲಿ ಮತ್ತೆ ಆಧಾರರೇಖೆ ಅಳೆದು ತಾಳೆ ನೋಡಿದರು. ನೆಲದ ಮೇಲೆ ಸರಪಳಿ ಹಾಸಿ ಅಳೆಯುವುದು ಆ ಒಂದು ರೇಖಾಖಂಡವನ್ನು ಮಾತ್ರ. ಅದರ ಎರಡು ತುದಿಗಳಿಂದ ದೂರದ ಬೆಟ್ಟದ ನೆತ್ತಿಗೆ ಕೋನ ಅಳೆಯುವ ಥಿಯೊಡೊಲೈಟ್ ಗುರಿಯಿಟ್ಟರೆ ಎರಡು ಕಿರಣಗಳು, ಅವು ಸಂಧಿಸಿದಲ್ಲಿ ಬೆಟ್ಟ. ದೂರ ಎಷ್ಟೆಂದು ಮೊದಲೇ ಗೊತ್ತಿರಬೇಕಿಲ್ಲ, ದಿಕ್ಕು ಗೊತ್ತಿದ್ದರೆ ಸಾಕು. ಕಿರಣಕ್ಕೆ ಉದ್ದವಿಲ್ಲದಿರುವುದೇ ಇಲ್ಲಿ ಅನುಕೂಲ.

ಹಲಗೆಯ ಮೇಲೆ ಕಾಗದ ಹಾಸಿ ಸ್ಥಳದಲ್ಲೇ ನಕ್ಷೆ ಎಳೆಯುವ ಪ್ಲೇನ್ ಟೇಬಲ್ ಸರ್ವೆಯಲ್ಲಿ ಈ ಗೆರೆಗಳನ್ನು ಇಂದಿಗೂ ‘ರೇ’ ಎಂದೇ ಕರೆಯುತ್ತಾರೆ. ನಿಂತ ಜಾಗವೇ ಗೊತ್ತಿಲ್ಲದಿದ್ದಾಗ ಲೆಕ್ಕ ತಿರುವುಮುರುವಾಗುತ್ತದೆ: ಗೊತ್ತಿರುವ ಮೂರು ಗುರುತುಗಳ ಕಡೆಯಿಂದ ಹಿಂದಕ್ಕೆ ಕಿರಣ ಎಳೆದು, ಅವು ಕೂಡುವ ಬಿಂದುವನ್ನು ಹುಡುಕಬೇಕು. ಸಾಮಾನ್ಯವಾಗಿ ಉತ್ತರ ಸಿಗುತ್ತದೆ. ಆದರೆ ನಿಂತವರು ಆ ಮೂರೂ ಗುರುತುಗಳ ಮೂಲಕ ಹಾಯುವ ವೃತ್ತದ ಮೇಲೆಯೇ ಇದ್ದುಬಿಟ್ಟರೆ, ಎಷ್ಟು ಎಚ್ಚರದಿಂದ ಎಳೆದರೂ ಜಾಗ ನಿಖರವಾಗುವುದಿಲ್ಲ. ಅದನ್ನು ಅಪಾಯದ ವೃತ್ತ ಎನ್ನುತ್ತಾರೆ.

ಮೊಬೈಲಿನ ನಕ್ಷೆಗಳಿಗೂ ಕಿರಣ ಬೇಕು. ಒಂದು ಮನೆ ನಗರಪಾಲಿಕೆಯ ವಾರ್ಡಿನ ಗಡಿಯೊಳಗಿದೆಯೇ ಎಂದು ಕಂಪ್ಯೂಟರ್ ತಿಳಿಯುವ ಒಂದು ಉಪಾಯ ಮಕ್ಕಳಾಟದಷ್ಟು ಸುಲಭ. ಮನೆಯಿಂದ ಯಾವುದಾದರೂ ಒಂದು ದಿಕ್ಕಿಗೆ ಕಿರಣ ಬಿಡುವುದು, ಗಡಿಯನ್ನು ಎಷ್ಟು ಸಲ ದಾಟಿತು ಎಂದು ಎಣಿಸುವುದು. ಬೆಸ ಬಂದರೆ ಒಳಗೆ, ಸರಿ ಬಂದರೆ ಹೊರಗೆ. 1962ರಷ್ಟು ಹಿಂದೆಯೇ ಇದು ಅಚ್ಚಾಗಿದೆ. ಕಿರಣ ಗಡಿಯ ಮೂಲೆಯನ್ನೇ ಮುಟ್ಟಿದರೆ ಎಣಿಕೆ ಕೆಡುತ್ತದೆ, ಏಕೆಂದರೆ ಮೂಲೆ ಎರಡು ಬದಿಗಳಿಗೂ ಅಂತ್ಯಬಿಂದು, ಒಂದು ದಾಟುವಿಕೆ ಎರಡಾಗಿ ಕಾಣುತ್ತದೆ. ಅಡ್ಡಕ್ಕೆ ಹೋಗುವ ಕಿರಣಕ್ಕೆ ಪರಿಹಾರವಿಷ್ಟು: ಪ್ರತಿ ಬದಿಯ ಕೆಳತುದಿಯನ್ನು ಲೆಕ್ಕಕ್ಕೆ ಹಿಡಿ, ಮೇಲ್ತುದಿಯನ್ನು ಬಿಡು. ಇಲ್ಲೂ ಮತ್ತೆ ತುಂಬಿದ ಚುಕ್ಕೆ, ಟೊಳ್ಳು ಚುಕ್ಕೆ.

ಭೂಮಿಯ ಮೇಲೆ ಕಿರಣ ನಿಜಕ್ಕೂ ಕೊನೆಯಿಲ್ಲದೆ ಹೋಗುವುದಿಲ್ಲ. ನೆಟ್ಟಗೆ ನಡೆಯುತ್ತ ಹೋದವರು ಸುಮಾರು 40,000 ಕಿಲೋಮೀಟರ್ ಸುತ್ತಿ ಹೊರಟಲ್ಲಿಗೇ ಬರುತ್ತಾರೆ. ಗೋಳದ ಮೇಲಿನ ಮಹಾವೃತ್ತದಲ್ಲಿ ಮೂರು ಬಿಂದುಗಳಿದ್ದರೆ ಯಾವುದು ಯಾವುದರ ನಡುವೆ ಎಂದು ಹೇಳಲಾಗದು, ಪಾಶ್ ಬರೆದ ‘ನಡುವೆ’ಯ ನಿಯಮಗಳು ಅಲ್ಲಿ ಸಲ್ಲವು. ಹಾಗಾಗಿ ಗೋಳದ ಮೇಲೆ ಕಿರಣವೆಂಬ ವಸ್ತುವಿಲ್ಲ.

ನಿಕೊಲಾಯ್ ಲೊಬಚೆವ್‌ಸ್ಕಿ ಮತ್ತು ಯಾನೋಶ್ ಬೋಯಾಯ್ 1830ರ ಆಸುಪಾಸಿನಲ್ಲಿ ಪ್ರಕಟಿಸಿದ ಅತಿಪರವಲಯ ರೇಖಾಗಣಿತದಲ್ಲಿ ಕಥೆ ತಲೆಕೆಳಗು. ಅಲ್ಲಿ ಲೊಬಚೆವ್‌ಸ್ಕಿ ಹೇಳುವ ಸಮಾಂತರತೆಗೆ ದಿಕ್ಕಿದೆ. ಒಂದು ಕಡೆಗೆ ಸಮಾಂತರವಾದದ್ದು ಇನ್ನೊಂದು ಕಡೆಗೆ ದೂರ ಸರಿಯುತ್ತದೆ. ಅದು ರೇಖೆಗಳಿಗಿಂತ ಕಿರಣಗಳಿಗೆ ಒಪ್ಪುವ ಗುಣ. ಹೀಗೆ ಸಮಾಂತರವಾದ ಕಿರಣಗಳ ಅಂತ್ಯಬಿಂದುವನ್ನು ಅದೇ ರೇಖೆಯಲ್ಲಿ ಹಿಂದೆ ಮುಂದೆ ಎಲ್ಲಿಗೆ ಸರಿಸಿದರೂ ಸಮಾಂತರತೆ ಕೆಡುವುದಿಲ್ಲ. ಗಣಿತಜ್ಞರು ಇಂಥ ಕಿರಣಗಳನ್ನು ಒಂದು ಗುಂಪಾಗಿ ಹಿಡಿದು, ಅವುಗಳ ಕೊನೆಯಿಲ್ಲದ ಕಡೆಯಲ್ಲೂ ಒಂದು ಬಿಂದುವನ್ನು ಕಲ್ಪಿಸಿದ್ದಾರೆ. ಈ ರೇಖಾಗಣಿತಕ್ಕೆ ಗಣಿತಜ್ಞ ಪ್ವಾಂಕರೆಯ ಹೆಸರಿನಲ್ಲಿರುವ ತಟ್ಟೆಯಾಕಾರದ ನಕ್ಷೆಯಲ್ಲಿ ಆ ಬಿಂದುಗಳೆಲ್ಲ ಅಂಚಿನ ವೃತ್ತದ ಮೇಲೆ ಕೂರುತ್ತವೆ, ಅಂಚು ಮಾತ್ರ ಸಮತಲಕ್ಕೆ ಸೇರಿಲ್ಲ. ಡಚ್ ಕಲಾವಿದ ಎಶರ್ 1958ರಿಂದ 1960ರವರೆಗೆ ಕೆತ್ತಿದ ‘ಸರ್ಕಲ್ ಲಿಮಿಟ್’ ಸರಣಿ ಇದೇ ನಕ್ಷೆಯ ಮೇಲೆ ನಿಂತಿದೆ. ಅದರ ಕೊನೆಯ ಚಿತ್ರದಲ್ಲಿ ನಡುಬಿಂದುವಿನಿಂದ ಯಾವ ಕಡೆಗೆ ಕಣ್ಣು ಹಾಯಿಸಿದರೂ ದೇವತೆಗಳೂ ದೆವ್ವಗಳೂ ಒಬ್ಬರ ಹಿಂದೊಬ್ಬರು ಕಿರಿದಾಗುತ್ತ, ಅಂಚಿಗೆ ಹತ್ತಿರವಾಗುತ್ತ, ಅದನ್ನು ಮುಟ್ಟದೆ ಹೋಗುತ್ತಲೇ ಇರುತ್ತಾರೆ.